ದಿಮ್ಮಿಯಿದ್ದಲ್ಲಿಗೆ ಗರಗಸ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಭೂಮಿಯು ಒಂದೇ ಬಗೆಯದಲ್ಲ. ಹಾನಗಲ್ಲದ ಪಡುವಣ ಭಾಗವು ಅರೆಮಲೆನಾಡಾಗಿದ್ದು ಬತ್ತಕ್ಕೂ ಮಾವಿಗೂ ಹೆಸರಾದುದು. ಶಿಗ್ಗಾಂವಿಯಲ್ಲಿ ದುಂಡಶಿಯ ಕಡೆಗೆ ಕಾಡು ಹತ್ತಿಕೊಂಡಿದೆ. ಸವಣೂರಿನಲ್ಲಿ ಎರೆಹೊಲಗಳೂ ಎಲೆಬಳ್ಳಿಯ ತೋಟಗಳೂ ಉಂಟು. ಹಿರೇಕೆರೂರಿನ ಕಡೆಗೆ ಗೋವಿನಜೋಳವೂ ಹತ್ತಿಯೂ ಹೆಚ್ಚು. ಹೀಗೆ ಬೆಳೆಯು ಬೇರೆ ಬೇರೆಯಾದರೂ ಒಂದು ಸಂಗತಿಯು ನಾಲ್ಕೂ ಕಡೆಗೆ ಸಮಾನವಾಗಿದೆ. ಹೊಲದ ಬದುವಿನ ಮೇಲೆ ಜಾಲಿ, ಬೇವು, ಸಾಗುವಾನಿ, ಮಾವು ಮುಂತಾದ ಮರಗಳನ್ನು ಇಪ್ಪತ್ತು ಮೂವತ್ತು ವರ್ಷ ಕಾಯ್ದು ಬೆಳೆಸಿದ ಒಕ್ಕಲಿಗನು ಅವುಗಳನ್ನು ನಿಂತ ನಿಲುವಿನಲ್ಲಿಯೇ ವ್ಯಾಪಾರಿಗೆ ಒಪ್ಪಿಸುತ್ತಾನೆ. ಮುಂದೆ ತನ್ನ ಮನೆಗೆ ಬಾಗಿಲು ಬೇಕಾದಾಗ, ಕೊಟ್ಟಿಗೆಗೆ ಜಂತಿ ಬೇಕಾದಾಗ, ಪಟ್ಟಣದ ಅಡ್ಡೆಗೆ ಹೋಗಿ ಹಲಗೆಯ ಧಾರಣೆಯನ್ನು ಕೇಳಿ ನಿಟ್ಟುಸಿರು ಬಿಡುತ್ತಾನೆ. ಮರವನ್ನು ಮಾರಿದ ಬೆಲೆಗೂ ಹಲಗೆಯನ್ನು ಕೊಂಡ ಬೆಲೆಗೂ ನಡುವೆ ಇರುವ ಅಂತರವೆಲ್ಲವೂ ವ್ಯಾಪಾರಿಯ ಅನ್ಯಾಯವೆಂದು ಹೇಳುವುದು ಸರಿಯಲ್ಲ. ಅದರಲ್ಲಿ ಸಾಗಣೆಯೂ ಕೊಯ್ಯುವ ಕೂಲಿಯೂ ಕೂಡಿವೆ. ಆದರೆ ಆ ಅಂತರದ ಒಂದು ದೊಡ್ಡ ಪಾಲು ಊರಿನಲ್ಲಿಯೇ ಉಳಿಯಬಹುದಾಗಿದ್ದು, ಊರಿನವರ ಅಲಕ್ಷ್ಯದಿಂದ ಹೊರಗೆ ಹೋಗುತ್ತಿದೆ ಎಂಬುದನ್ನು ಊರ ಪ್ರಮುಖರು ವಿಚಾರಿಸತಕ್ಕದ್ದಾಗಿದೆ.

ಮೊದಲು ಅಳತೆಯ ಮಾತು. ದಿಮ್ಮಿಯನ್ನು ಅಳೆಯುವಾಗ ಅದರ ನಡುವಿನ ಸುತ್ತಳತೆಯನ್ನು ತೆಗೆದುಕೊಂಡು, ಅದನ್ನು ನಾಲ್ಕರಿಂದ ಭಾಗಿಸಿ, ಬಂದ ಅಂಕಿಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು ಬಹು ಕಾಲದ ವಾಡಿಕೆ. ಸುತ್ತಳತೆ 4 ಅಡಿ, ಉದ್ದ 10 ಅಡಿ ಇರುವ ದಿಮ್ಮಿಯು ಈ ಲೆಕ್ಕದಂತೆ 10 ಘನ ಅಡಿಯಾಗುತ್ತದೆ. ಆದರೆ ಅದು ಸರಿಯಾಗಿ ದುಂಡಗಿದ್ದರೆ ಅದರಲ್ಲಿ ನಿಜವಾಗಿ ಇರುವ ಕಟ್ಟಿಗೆಯು 12.7 ಘನ ಅಡಿ. ಅಂದರೆ ನೂರಕ್ಕೆ 21ಕ್ಕೂ ಮೇಲ್ಪಟ್ಟ ಭಾಗವು ಲೆಕ್ಕಕ್ಕೆ ಬರುವುದೇ ಇಲ್ಲ. ಇದು ಮೋಸವಲ್ಲ. ದುಂಡು ದಿಮ್ಮಿಯನ್ನು ಚೌಕಗೊಳಿಸುವಾಗ ನಾಲ್ಕು ಕಡೆಗಳಲ್ಲಿ ಹೋಗುವ ಸೀಳುಗಳನ್ನು ಬಿಟ್ಟು ಮಾಡಿದ ಲೆಕ್ಕವಿದು. ಮಾರುವವನೂ ಕೊಳ್ಳುವವನೂ ಇದನ್ನು ತಿಳಿದೇ ಬೆಲೆಯನ್ನು ನಿಶ್ಚಯಿಸಿದರೆ ಯಾರಿಗೂ ನಷ್ಟವಿಲ್ಲ. ಕೊಳ್ಳುವವನಿಗೆ ಗೊತ್ತಿದ್ದು ಮಾರುವವನಿಗೆ ಗೊತ್ತಿಲ್ಲದಿದ್ದರೆ ಮಾತ್ರ ನಷ್ಟ. ಇದರ ಮೇಲೆ ತೊಗಟೆಯ ಕಡಿತ, ಟೊಳ್ಳಿನ ಕಡಿತ, ತುದಿಯ ಕಡಿತ ಎಂದು ಇನ್ನಷ್ಟು ಹೋಗುತ್ತದೆ. ಆ ಸೀಳುಗಳೂ ಹೊಟ್ಟೂ ಕೊನೆಗೆ ಅಡ್ಡೆಯವನ ಬಳಿಯಲ್ಲಿಯೇ ಉಳಿದು ಉರುವಲಾಗಿ ಮಾರಾಟವಾಗುತ್ತವೆ. ದಿಮ್ಮಿಯನ್ನು ಹೊಲದಲ್ಲಿಯೇ ಕೊಯ್ದರೆ ಸೀಳುಗಳು ದನದ ಕೊಟ್ಟಿಗೆಯ ಗೋಡೆಗೂ ಬೇಲಿಗೂ ಬರುತ್ತವೆ, ಹೊಟ್ಟು ದನದ ಹಾಸಿಗೆಗೆ ಬರುತ್ತದೆ.

ಸಾಗಣೆಯ ತೊಂದರೆಯನ್ನು ಹಳ್ಳಿಯವರಿಗೆ ಹೇಳಿಕೊಡಬೇಕಾದುದಿಲ್ಲ. ಮೇಲೆ ಹೇಳಿದ ಹಸಿ ದಿಮ್ಮಿಯು ಮುನ್ನೂರು ಕಿಲೋಗ್ರಾಮಿಗೂ ಮಿಕ್ಕಿ ತೂಗುವುದು. ಅದನ್ನು ಎತ್ತಿ ಹೇರುವುದಕ್ಕೆ ಆರೆಂಟು ಆಳುಗಳು ಬೇಕು. ಎರೆಭೂಮಿಯಲ್ಲಿ ಒಂದು ಮಳೆ ಬಿದ್ದರೆ ಟ್ರ್ಯಾಕ್ಟರಿನ ಗಾಲಿಯು ಹುಗಿದು ದಿಮ್ಮಿಯು ಹೊಲದಲ್ಲಿಯೇ ಉಳಿಯುವುದು. ಅದೇ ದಿಮ್ಮಿಯನ್ನು ಬಿದ್ದ ಸ್ಥಳದಲ್ಲಿ ಹಲಗೆ ಮಾಡಿದರೆ ಇಬ್ಬರು ಆಳುಗಳು ಒಂದೊಂದಾಗಿ ಹೊತ್ತು ಚಕ್ಕಡಿಗೆ ಹೇರಬಲ್ಲರು. ಹಿಂದಿನವರು ಇದನ್ನು ಅರಿತಿದ್ದರು. ಕುಣಿಯನ್ನು ತೋಡಿ, ಅದರ ಮೇಲೆ ದಿಮ್ಮಿಯನ್ನು ಇಟ್ಟು, ಒಬ್ಬನು ಮೇಲೆ ಒಬ್ಬನು ಕೆಳಗೆ ನಿಂತು ಉದ್ದ ಗರಗಸವನ್ನು ಎಳೆಯುತ್ತಿದ್ದರು. ಕೆಳಗಿನವನ ಕಣ್ಣಿಗೆ ದಿನವೆಲ್ಲ ಹೊಟ್ಟು ಬೀಳುತ್ತಿತ್ತು. ಹಾನಗಲ್ಲದ ಹಂಚಿನ ಮನೆಗಳ ತೊಲೆಗಳೂ ಸವಣೂರಿನ ಮಾಳಿಗೆ ಮನೆಗಳ ಕಂಬ ಜಂತಿಗಳೂ ಬಹುಮಟ್ಟಿಗೆ ಆ ಬಗೆಯ ದುಡಿತದಿಂದಲೇ ಆದವು. ಆ ಕಸಬಿನವರು ಈಗ ತೀರ ವಿರಳರಾಗಿದ್ದಾರೆ. ಅವರ ಮಕ್ಕಳು ಆ ಕೆಲಸಕ್ಕೆ ಬರಲಿಲ್ಲವೆಂದು ಅವರನ್ನು ದೂಷಿಸುವುದು ನ್ಯಾಯವಲ್ಲ. ಆದರೆ ಗರಗಸವು ದಿಮ್ಮಿಯ ಬಳಿಗೆ ಹೋಗಬೇಕೆಂಬ ಅವರ ಪದ್ಧತಿಯು ಮಾತ್ರ ಸರಿಯಾದುದಾಗಿತ್ತು.

ಈ ಪದ್ಧತಿಯನ್ನು ಯಂತ್ರದಿಂದ ನಡೆಯಿಸುವ ಸಾಧನವು ಬಳಕೆಗೆ ಬಂದು ಬಹಳ ದಿನಗಳಾದವು. ಎರಡು ಗಾಲಿಗಳ ಮೇಲೆ ಸುತ್ತುವ ಉಕ್ಕಿನ ಪಟ್ಟಿಯ ಗರಗಸಕ್ಕೆ ಲಂಡನ್ನಿನ ವಿಲಿಯಂ ನ್ಯೂಬೆರಿ ಎಂಬವನು 1808ರಲ್ಲಿಯೇ ಪೇಟೆಂಟು ಪಡೆದಿದ್ದನು. ಪಟ್ಟಿಯ ಬೆಸುಗೆಯು ನಿಲ್ಲದೆ ಅದು ಮೂಲೆಗೆ ಬಿದ್ದಿತು. 1846ರಲ್ಲಿ ಫ್ರಾನ್ಸ್ ದೇಶದ ಆ್ಯನ್ ಪೋಲಿನ್ ಕ್ರೆಪೆ ಎಂಬ ಹೆಂಗಸು ಪಟ್ಟಿಯ ಎರಡು ತುದಿಗಳನ್ನು ಬಲವಾಗಿ ಬೆಸೆಯುವ ಬಗೆಯನ್ನು ಕಂಡುಹಿಡಿದ ಮೇಲೆ ಅದು ಕೆಲಸಕ್ಕೆ ಬಂದಿತು. ಅಮೆರಿಕದ ಇಂಡಿಯಾನಾ ಪ್ರಾಂತದ ವುಡ್‌ಮೈಜರ್ ಎಂಬ ಕಂಪನಿಯವರು 1982ರಲ್ಲಿ ತೆಳುವಾದ ಪಟ್ಟಿಯುಳ್ಳ, ವಾಹನದ ಹಿಂದೆ ಕಟ್ಟಿ ಎಳೆದೊಯ್ಯತಕ್ಕ ಯಂತ್ರವನ್ನು ಮಾರಾಟಕ್ಕೆ ತಂದರು. ಆಮೇಲೆ ಅದನ್ನು ನೋಡಿ ತಮ್ಮ ಮನೆಯಂಗಳದಲ್ಲಿಯೇ ಅಂಥ ಗರಗಸವನ್ನು ಕಟ್ಟಿಕೊಂಡ ಒಕ್ಕಲಿಗರು ಅನೇಕ ದೇಶಗಳಲ್ಲಿ ಆಗಿದ್ದಾರೆ. ಟ್ರ್ಯಾಕ್ಟರಿನ ಟ್ರೇಲರನ್ನೂ ಕೂರಿಗೆಯ ಕಬ್ಬಿಣದ ಭಾಗಗಳನ್ನೂ ತಾವೇ ಮಾಡುವ ಕಂಬಾರರಿರುವ ಈ ನಾಡಿನಲ್ಲಿ ಇದು ಆಗದ ಮಾತಲ್ಲ.

ಪಟ್ಟಿ ಗರಗಸವೇ ಏಕೆ ಬೇಕೆಂದರೆ, ಅದು ತಿನ್ನುವ ಕಟ್ಟಿಗೆಯು ಸ್ವಲ್ಪ. ಪಟ್ಟಿಯ ದಪ್ಪವು ಸುಮಾರು ಒಂದು ಮಿಲಿಮೀಟರು. ಹಲ್ಲುಗಳನ್ನು ಎಡಬಲಕ್ಕೆ ಬಾಗಿಸಿರುವುದರಿಂದ ಕೊಯ್ಯುವ ಜಾಡು ಸುಮಾರು ಎರಡು ಮಿಲಿಮೀಟರಾಗುತ್ತದೆ. ಚಕ್ರ ಗರಗಸದ ಜಾಡು ಆರು ಮಿಲಿಮೀಟರಿನ ಆಸುಪಾಸು; ಕೈಯಲ್ಲಿ ಹಿಡಿದು ನಡೆಸುವ ಸರಪಳಿ ಗರಗಸದ್ದು ಒಂಬತ್ತರವರೆಗೂ ಹೋಗುವುದು. ನಾಲ್ಕೂವರೆ ಅಡಿ ಸುತ್ತಳತೆಯ ನೆಟ್ಟಗಿನ ದಿಮ್ಮಿಯಿಂದ ಒಂದಡಿ ಚಚ್ಚೌಕದ ತೊಲೆಯನ್ನು ತೆಗೆದು, ಅದನ್ನು 25 ಮಿಲಿಮೀಟರು ದಪ್ಪದ ಹಲಗೆಗಳಾಗಿ ಸೀಳಿದರೆ ಪಟ್ಟಿ ಗರಗಸದಿಂದ 11, ಚಕ್ರದಿಂದ 10, ಸರಪಳಿಯಿಂದ 9 ಹಲಗೆಗಳು ದೊರೆಯುತ್ತವೆ. ತೊಲೆಯು ಹತ್ತಡಿ ಉದ್ದವಾಗಿದ್ದರೆ ಮೊದಲನೆಯದಕ್ಕೂ ಕೊನೆಯದಕ್ಕೂ ಇಪ್ಪತ್ತು ಚದರ ಅಡಿಯ ವ್ಯತ್ಯಾಸ. ಅದು ಹೆಚ್ಚು ಕಡಿಮೆ ಒಂದು ಬಾಗಿಲಿನ ಕದಕ್ಕೆ ಸಾಕಾಗುವಷ್ಟು. ಒಂದೇ ಮರದಲ್ಲಿ ಒಂದು ಬಾಗಿಲು ಹೊಟ್ಟಾಗಿ ಹೋಗುವುದಾದರೆ, ಸರಪಳಿ ಗರಗಸವು ಅಗ್ಗವೆಂದು ಅದರಿಂದಲೇ ಹಲಗೆಯನ್ನು ಸೀಳುವವರು ತಮ್ಮ ಲೆಕ್ಕವನ್ನು ತಿರುಗಿ ನೋಡಿಕೊಳ್ಳುವುದು ಲೇಸು. ಮರವನ್ನು ಕಡಿಯುವುದಕ್ಕೆ ಅದು ತಕ್ಕುದು, ಸೀಳುವುದಕ್ಕಲ್ಲ.

ಯಂತ್ರದ ರಚನೆಯು ನೋಡಲು ಸರಳವಾಗಿದೆ. ದಿಮ್ಮಿಯು ಅಲುಗದೆ ಮಲಗಿರುತ್ತದೆ. ಅದರ ಎರಡೂ ಬದಿಗೆ ಕಬ್ಬಿಣದ ಹಳಿಗಳು. ಹಳಿಗಳ ಮೇಲೆ ಉರುಳುವ ಚೌಕಟ್ಟಿನಲ್ಲಿ ಎರಡು ದೊಡ್ಡ ಗಾಲಿಗಳು, ಅವುಗಳನ್ನು ಸುತ್ತಿದ ಹಲ್ಲಿನ ಪಟ್ಟಿ, ಒಂದು ಎಂಜಿನು. ಚೌಕಟ್ಟನ್ನು ಒಬ್ಬನು ಮೆಲ್ಲನೆ ನೂಕುತ್ತ ಹೋದರೆ ಪಟ್ಟಿಯು ದಿಮ್ಮಿಯನ್ನು ಅಡ್ಡಲಾಗಿ ಸೀಳುತ್ತ ಹೋಗುವುದು. ಒಂದು ಹಲಗೆಯಾದ ಬಳಿಕ ತಿರುಪಿನ ಸಲಾಕೆಗಳಿಂದ ಚೌಕಟ್ಟನ್ನು ಬೇಕಾದಷ್ಟು ಕೆಳಗಿಳಿಸಿ ಮತ್ತೆ ನೂಕುವುದು. ಪಟ್ಟಿಯ ಮೇಲೆ ನೀರು ತೊಟ್ಟಿಕ್ಕುವಂತೆ ಒಂದು ಡಬ್ಬಿಯನ್ನು ಕಟ್ಟಿದರೆ ಅಂಟು ಹಿಡಿಯುವುದಿಲ್ಲ. ಹತ್ತು ಹನ್ನೆರಡು ಅಶ್ವಶಕ್ತಿಯ ಎಂಜಿನು ಹಳ್ಳಿಯ ಕೆಲಸಕ್ಕೆ ಸಾಕು. ಗಾಲಿಗಳಿಗೆ ಎರಕದ ಕಬ್ಬಿಣದವುಗಳೇ ಉತ್ತಮವಾದರೂ, ಸಣ್ಣ ಕಾರಿನ ಹನ್ನೆರಡು ಇಂಚಿನ ಗಾಲಿಗಳನ್ನು ಟಾಯರು ಸಹಿತವಾಗಿ ಹಾಕಿ ನಡೆಸುವವರೂ ಉಂಟು. ಟಾಯರಿನ ಬೆನ್ನು ನಡುವೆ ಉಬ್ಬಿರುವುದರಿಂದ ಪಟ್ಟಿಯು ತಾನಾಗಿ ನಡುವಿಗೆ ಬಂದು ನಿಲ್ಲುತ್ತದೆ.

ಆದರೆ ನೋಡಲು ಸರಳವಾದುದೆಲ್ಲ ಮಾಡಲು ಸರಳವಲ್ಲ. ಮನೆಯಲ್ಲಿ ಕಟ್ಟಿದ ಗರಗಸಗಳು ಕೆಡುವುದು ಎಂಜಿನಿನಿಂದಲ್ಲ, ನೇರ್ಪಿನಿಂದ. ಹಳಿಗಳಲ್ಲಿ ಕಾಲು ಇಂಚು ತಗ್ಗಿದ್ದರೆ ಪ್ರತಿಯೊಂದು ಹಲಗೆಯೂ ಆ ತಗ್ಗನ್ನು ಹೊತ್ತುಕೊಂಡೇ ಬರುವುದು. ಆದುದರಿಂದ ಪ್ರತಿ ಸಲ ಹೊಸ ಸ್ಥಳಕ್ಕೆ ಹೋದಾಗ ನೀರಿನ ಕೊಳವೆಯ ಮಟ್ಟದಿಂದ ಹಳಿಗಳನ್ನು ಸಮ ಮಾಡಿಕೊಳ್ಳಬೇಕು. ಎರೆಮಣ್ಣಿನಲ್ಲಿ ಕಾಲುಗಳ ಕೆಳಗೆ ಅಗಲವಾದ ಹಲಗೆಯನ್ನಾಗಲಿ ಕಲ್ಲನ್ನಾಗಲಿ ಇಡದೆ ಕೆಲಸ ಪ್ರಾರಂಭಿಸಿದರೆ ಮಧ್ಯಾಹ್ನದೊಳಗೆ ಒಂದು ಬದಿಯು ಕುಸಿದಿರುವುದು. ಎರಡು ಗಾಲಿಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಪಟ್ಟಿಯು ಜಾರಿ ಹೊರಬೀಳುವುದು. ಗಾಲಿಯು ನಿಜವಾಗಿ ದುಂಡಗಿಲ್ಲದಿದ್ದರೆ ಪಟ್ಟಿಯು ನಡುಗಿ ಹಲಗೆಯ ಮೇಲೆ ಅಲೆಯಂತಹ ಗೆರೆಗಳು ಏಳುತ್ತವೆ, ಬೆಸುಗೆಯು ಬೇಗನೆ ಬಿಡುತ್ತದೆ. ದಿನದ ಕೆಲಸ ಮುಗಿದ ಮೇಲೆ ಪಟ್ಟಿಯ ಬಿಗಿಯನ್ನು ಸಡಿಲಿಸದೆ ಹೋಗುವುದು ಸೋಮಾರಿತನವಲ್ಲದೆ ಬೇರೆಯಲ್ಲ. ಅದರಿಂದ ಪಟ್ಟಿಯೂ ಕೆಡುವುದು, ಗಾಲಿಯ ಟಾಯರೂ ಕೆಡುವುದು.

ಪಟ್ಟಿಯ ವೇಗದ ವಿಷಯದಲ್ಲಿ ಊರ ಕಂಬಾರರು ವಿಶೇಷ ಲಕ್ಷ್ಯ ಕೊಡಬೇಕು. ಮೇಲೆ ಹೇಳಿದ ಸಣ್ಣ ಕಾರಿನ ಗಾಲಿಯು ಟಾಯರು ಸೇರಿ ಸುಮಾರು 20 ಇಂಚು ವ್ಯಾಸವುಳ್ಳದ್ದು. ಅದು ನಿಮಿಷಕ್ಕೆ 900 ಸುತ್ತು ತಿರುಗಿದರೆ ಪಟ್ಟಿಯು ನಿಮಿಷಕ್ಕೆ 4,700 ಅಡಿಯಂತೆ ಓಡುವುದು. ಇದೇ ತಕ್ಕ ವೇಗ. ಎಂಜಿನು ನಿಮಿಷಕ್ಕೆ 1,500 ಸುತ್ತಿನದಾದರೆ ಬೆಲ್ಟಿನ ಪುಲ್ಲಿಗಳ ವ್ಯಾಸವು ಎಂಜಿನಿನ ಕಡೆಗೆ ಮೂರು, ಗಾಲಿಯ ಕಡೆಗೆ ಐದು ಎಂಬ ಪ್ರಮಾಣದಲ್ಲಿರಬೇಕು. ಈ ಲೆಕ್ಕವನ್ನು ಮಾಡದೆ ಕೈಗೆ ಸಿಕ್ಕ ಪುಲ್ಲಿಯನ್ನು ತೊಡಿಸಿದರೆ ಗರಗಸವು ಕೊಯ್ಯದೆ ಸುಡುವುದು, ಇಲ್ಲವೆ ಹರಿಯುವುದು. ಇದೇ ವೇಗವನ್ನು ಇನ್ನೊಂದು ಬಗೆಯಿಂದ ಹೇಳುವುದಾದರೆ, ಹಲ್ಲಿನ ಪಟ್ಟಿಯು ತಾಸಿಗೆ 86 ಕಿಲೋಮೀಟರಿನಂತೆ, ಅಂದರೆ ಹೆದ್ದಾರಿಯ ಮೇಲಿನ ಮೋಟಾರಿನ ಓಟದಿಂದ, ಮನುಷ್ಯನ ಕೈಯಿಂದ ಒಂದು ಮೊಳ ದೂರದಲ್ಲಿ ಓಡುತ್ತಿರುತ್ತದೆ. ಹರಿದ ಪಟ್ಟಿಯು ಸಾಮಾನ್ಯವಾಗಿ ಗಾಲಿಗಳ ಸಾಲಿನಲ್ಲಿ ಎಡಕ್ಕೋ ಬಲಕ್ಕೋ ಚಿಮ್ಮುವುದು. ಆದುದರಿಂದ ಕೊಯ್ಯುವ ಭಾಗವೊಂದನ್ನು ಬಿಟ್ಟು ಉಳಿದೆಲ್ಲ ಪಟ್ಟಿಗೂ ಗಾಲಿಗಳಿಗೂ ದಪ್ಪ ತಗಡಿನ ಹೊದಿಕೆಯಿರಲೇಬೇಕು. ನೂಕುವವನ ಕೈಗೆ ಎಟಕುವಂತೆ ಎಂಜಿನನ್ನು ನಿಲ್ಲಿಸುವ ಹಗ್ಗವಾಗಲಿ ಗುಂಡಿಯಾಗಲಿ ಇರಬೇಕು. ಧೋತರದ ಕಚ್ಚೆಯೂ ಹೆಗಲ ಮೇಲಿನ ವಸ್ತ್ರವೂ ಸೀರೆಯ ಸೆರಗೂ ಅದರ ಹತ್ತಿರ ಸುಳಿಯಕೂಡದು. ಮರದ ಧೂಳಿನಿಂದ ಮೂಗಿನ ಕ್ಯಾನ್ಸರ್ ಬರುವುದೆಂಬುದು ವೈದ್ಯರು ಒಪ್ಪಿದ ಮಾತಾದುದರಿಂದ ಬಾಯಿ ಮೂಗುಗಳಿಗೆ ಮುಸುಕು ಬೇಕು. ಹೊದಿಕೆಗೆ ತಗಲುವ ವೆಚ್ಚವನ್ನು ಉಳಿಸಿ ಅಗ್ಗದ ಗರಗಸವನ್ನು ಕಟ್ಟಿದೆನೆಂದು ಹೆಮ್ಮೆಪಡುವವನಿಗೆ ಊರ ಗೌಡರು ಅದನ್ನು ನಡೆಸಲು ಬಿಡತಕ್ಕದ್ದಲ್ಲ.

ಬದುವಿನ ಮರಗಳಿಗೆ ಇನ್ನೊಂದು ಪೀಡೆಯುಂಟು. ಕಾಡಿನ ಮರದಲ್ಲಿ ಮೊಳೆಯಿರುವುದಿಲ್ಲ. ಹೊಲದ ಮರದಲ್ಲಿ ಬೇಲಿಯ ತಂತಿ, ದನ ಕಟ್ಟಿದ ಕೊಂಡಿ, ಚುನಾವಣೆಯ ಫಲಕ ಹೊಡೆದ ಮೊಳೆ ಇವೆಲ್ಲ ಒಳಗೆ ಹೋಗಿ ಮೇಲೆ ತೊಗಟೆ ಬೆಳೆದಿರುತ್ತದೆ. ಒಂದೇ ಮೊಳೆಯು ಪಟ್ಟಿಯ ಹಲ್ಲನ್ನೆಲ್ಲ ಹಾಳು ಮಾಡುವುದು. ದಿಮ್ಮಿಯ ಮೇಲೆ ನೀಲಿ ಕಪ್ಪು ಕಲೆ ಕಂಡಲ್ಲಿ ಒಳಗೆ ಕಬ್ಬಿಣವಿದೆಯೆಂದು ತಿಳಿಯಬೇಕು. ಲೋಹವನ್ನು ಶೋಧಿಸುವ ಸಣ್ಣ ಉಪಕರಣವು ದೊರೆತರೆ ಇನ್ನೂ ಒಳ್ಳೆಯದು. ಒಣಗಿದ ಜಾಲಿಯು ಬಹು ಗಟ್ಟಿ, ಸಾಗುವಾನಿಯಲ್ಲಿ ಮರಳಿನಂತಹ ಅಂಶವಿರುವುದರಿಂದ ಅದು ಹಲ್ಲನ್ನು ಬೇಗ ಮೊಂಡಾಗಿಸುವುದು. ಇವುಗಳನ್ನು ಹಸಿಯಿರುವಾಗಲೇ ಕೊಯ್ಯುವುದು ಮೇಲು. ಒಂದೆರಡು ತಾಸಿನ ಕೆಲಸಕ್ಕೊಮ್ಮೆ ಪಟ್ಟಿಯನ್ನು ಬದಲಿಸಿ ಸಾಣೆ ಹಿಡಿಯಬೇಕಾಗುವುದರಿಂದ ಐದಾರು ಪಟ್ಟಿಗಳೂ ಸಾಣೆಯನ್ನು ಬಲ್ಲ ಒಬ್ಬ ಆಳೂ ಇಲ್ಲದೆ ಯಂತ್ರವು ಶೋಭೆಗಷ್ಟೇ ಸರಿ.

ಇದೆಲ್ಲವನ್ನು ನೋಡಿದರೆ, ಹತ್ತು ಎಕರೆಯ ಒಕ್ಕಲಿಗನೊಬ್ಬನು ತನ್ನೊಬ್ಬನ ಸಲುವಾಗಿ ಇಂಥ ಗರಗಸವನ್ನು ಕಟ್ಟುವುದು ವಿವೇಕವಲ್ಲವೆಂದು ಸ್ಪಷ್ಟವಾಗುತ್ತದೆ. ಅವನ ಬದುವಿನಲ್ಲಿ ಕೊಯ್ಯತಕ್ಕ ಮರವು ವರ್ಷಕ್ಕೆ ಒಂದೋ ಎರಡೋ. ಉಳಿದ ದಿನಗಳಲ್ಲಿ ಯಂತ್ರವು ತುಕ್ಕು ಹಿಡಿಯುವುದು, ಇಲ್ಲವೆ ಸಾಲದ ಕಂತನ್ನು ತೀರಿಸುವುದಕ್ಕಾಗಿ ಕಂಡ ಕಂಡ ಮರವನ್ನು ಕೊಯ್ಯುವ ಆಸೆಯನ್ನು ಹುಟ್ಟಿಸುವುದು. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದು. ಗರಗಸವು ಸಂಘದ ಆಸ್ತಿಯಾಗಿರಬೇಕು. ಸಹಕಾರದ ಮಾತು ಈ ಸೀಮೆಗೆ ಹೊಸದಲ್ಲ. ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಪತ್ತಿನ ಸಂಘವು ದೇಶದ ಸಹಕಾರಿ ಚಳವಳಿಯ ಮೊದಲ ಸಂಘವೆಂದು ಗಣಿಸಲ್ಪಡುತ್ತದೆ. ಅದನ್ನು ಕಟ್ಟಿದವರು ಊರ ಗೌಡರೇ ಎಂಬುದನ್ನು ಇಲ್ಲಿ ನೆನೆಯಬಹುದು. ಎಂಟು ಹತ್ತು ಹಳ್ಳಿಗಳಿಗೆ ಒಂದು ಗರಗಸ, ಅದಕ್ಕೆ ಸಂಬಳದ ಒಬ್ಬ ಕೊಯ್ಯುವವ, ಒಬ್ಬ ಸಹಾಯಕ, ತಾಸಿನ ಲೆಕ್ಕದ ಬಾಡಿಗೆ, ದೀಪಾವಳಿಯಿಂದ ಯುಗಾದಿಯವರೆಗೆ ಹಳ್ಳಿಯಿಂದ ಹಳ್ಳಿಗೆ ತಿರುಗಾಟ. ಮಳೆಗಾಲದಲ್ಲಿ ಅದು ಸಂಘದ ಗೋದಾಮಿನಲ್ಲಿ ನಿಂತು ದುರಸ್ತಿಯಾಗಲಿ.

ಇನ್ನು ಕಾಯಿದೆಯ ಮಾತು. ಇದನ್ನು ಕೊನೆಗೆ ಬಿಟ್ಟುದು ಇದು ಸಣ್ಣದೆಂದಲ್ಲ. 1963ರ ಕರ್ನಾಟಕ ಅರಣ್ಯ ಅಧಿನಿಯಮವೂ ಅದರ ಕೆಳಗಿನ ನಿಯಮಗಳೂ ಇರುವುದರಿಂದ ಯಂತ್ರಬಲದಿಂದ ಮರ ಕೊಯ್ಯುವ ಗರಗಸಕ್ಕೆ ಅರಣ್ಯ ಖಾತೆಯ ಪರವಾನಿಗೆ ಬೇಕು. ಗೋದಾವರ್ಮನ್ ತಿರುಮುಲ್ಪಾಡರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರದಲ್ಲಿ ಕೊಟ್ಟ ಆಜ್ಞೆಯಿಂದಲೂ 2002ರ ಆಜ್ಞೆಯಿಂದಲೂ ಹೊಸ ಗರಗಸಗಳ ಮೇಲೆ ದೇಶದಾದ್ಯಂತ ಬಿಗಿಯಾದ ಕಟ್ಟು ಬಿದ್ದಿತು. 2016ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಮಾರ್ಗಸೂಚಿಗಳ ಬಳಿಕ ಪರವಾನಿಗೆಯ ವಿಚಾರವು ರಾಜ್ಯಮಟ್ಟದ ಸಮಿತಿಗೆ ಬಂದಿತು. ಅಧಿಸೂಚಿತ ಕಾಡಿನಿಂದ ಇರಬೇಕಾದ ದೂರದ ಕಟ್ಟಳೆಯೂ ಅದರಲ್ಲಿದೆ. ಪಟ್ಟಿ ಗರಗಸವು ಚಿಕ್ಕದೆಂದಾಗಲಿ, ಮನೆಯಲ್ಲಿ ಕಟ್ಟಿದುದೆಂದಾಗಲಿ, ಗಾಲಿಯ ಮೇಲಿದೆಯೆಂದಾಗಲಿ ಯಾರೂ ತಪ್ಪಿಸಿಕೊಳ್ಳಲಾರರು. ಹಾನಗಲ್ಲ ಮತ್ತು ಶಿಗ್ಗಾಂವಿಯ ಕಾಡಿನಂಚಿನ ಹಳ್ಳಿಯವರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ಕೊಯ್ಯುವುದಷ್ಟೇ ಅಲ್ಲ, ಕಡಿಯುವುದಕ್ಕೂ ನಿಯಮವುಂಟು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಸ್ವಂತ ಹೊಲದ ಮರಕ್ಕೂ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ತೆಂಗು ಮುಂತಾದ ಕೆಲವಕ್ಕೆ ಮಾತ್ರ ವಿನಾಯಿತಿ. ಸಾಗುವಾನಿಯ ಹಲಗೆಯನ್ನು ಊರಿನಿಂದ ಹೊರಗೆ ಸಾಗಿಸುವುದಕ್ಕೆ ರಹದಾರಿ ಬೇಕು. ಶ್ರೀಗಂಧ ಬೀಟೆಗಳ ಹತ್ತಿರ ಈ ಗರಗಸವನ್ನು ತರುವ ಯೋಚನೆಯನ್ನೇ ಮಾಡಬಾರದು.

ಈ ಬಿಗಿಯಿಂದ ಒಕ್ಕಲಿಗನಿಗೆ ತೊಂದರೆಯಾಗಿದೆಯೆಂಬುದು ನಿಜ. ಆದರೆ ಅದು ಹುಟ್ಟಿದುದು ನಿಷ್ಕಾರಣವಾಗಿ ಅಲ್ಲ. ಹೊತ್ತೊಯ್ಯಬಹುದಾದ ಗರಗಸವು ಕಳ್ಳನಿಗೂ ಅನುಕೂಲವಾದುದೇ. ಕಾಡಿನೊಳಗೆ ರಾತ್ರಿಯಲ್ಲಿ ಬಿದ್ದ ಸಾಗುವಾನಿಯು ಬೆಳಗಾಗುವುದರೊಳಗೆ ಹಲಗೆಯಾದರೆ ಅದು ಯಾವ ಮರದ್ದೆಂದು ಹೇಳಬಲ್ಲವರಾರು? ಅರಣ್ಯ ಖಾತೆಯವರ ಈ ಭಯವನ್ನು ನಕ್ಕು ತಳ್ಳಿಹಾಕುವ ಪ್ರಮುಖರು ತಮ್ಮ ಊರಿನ ಹಿತವನ್ನೇ ಅರಿಯದವರು. ಆದರೂ ಈ ಭಯಕ್ಕೆ ಪರಿಹಾರವು ಇಲ್ಲದೆ ಇಲ್ಲ. ನಿಯಮಗಳನ್ನು ಬರೆದಾಗ ಕಣ್ಣೆದುರಿಗೆ ಇದ್ದುದು ಒಂದೇ ಕಡೆಗೆ ನಿಂತ ದೊಡ್ಡ ಅಡ್ಡೆ. ಅಲ್ಲಿಗೆ ಎಲ್ಲೆಲ್ಲಿಂದಲೋ ದಿಮ್ಮಿಗಳು ಬರುತ್ತವೆ. ಸಂಘದ ಗರಗಸದ ರೀತಿ ಇದಕ್ಕೆ ಪೂರ ವಿರುದ್ಧವಾದುದು. ಅದು ಇಂಥ ದಿನ ಇಂಥ ಸರ್ವೆ ನಂಬರಿನ ಹೊಲಕ್ಕೆ ಹೋಗುವುದೆಂದು ಮೊದಲೇ ತಿಳಿಸಬಹುದು. ದಿಮ್ಮಿಯನ್ನು ಬುಡದ ಪಕ್ಕದಲ್ಲಿಯೇ ಕೊಯ್ಯುವುದರಿಂದ ಬುಡವೇ ಸಾಕ್ಷಿಯಾಗಿ ನಿಲ್ಲುತ್ತದೆ. ಅರಣ್ಯ ರಕ್ಷಕನು ಮುದ್ರೆ ಹಾಕಿದ ದಿಮ್ಮಿಯನ್ನಲ್ಲದೆ ಬೇರೊಂದನ್ನು ಮುಟ್ಟಕೂಡದು, ಸೂರ್ಯಾಸ್ತದ ನಂತರ ಎಂಜಿನನ್ನು ನಡೆಸಕೂಡದು, ಕೊಯ್ದ ಹಲಗೆಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದು ಪ್ರತಿ ತಿಂಗಳು ಒಪ್ಪಿಸಬೇಕು ಎಂಬ ಕರಾರಿನಿಂದ ಸಹಕಾರಿ ಸಂಘಗಳಿಗೆ ಮಾತ್ರ ಸಂಚಾರಿ ಗರಗಸದ ಪ್ರತ್ಯೇಕ ಪರವಾನಿಗೆಯನ್ನು ಕೊಡುವ ಏರ್ಪಾಡನ್ನು ಸರಕಾರದವರು ಮಾಡುವುದು ಯುಕ್ತವೆಂದು ತೋರುತ್ತದೆ. 2025ರ ಜೂನ್ ತಿಂಗಳಲ್ಲಿ ಕೇಂದ್ರದ ಪರಿಸರ ಸಚಿವಾಲಯವು ಸಾಗುವಳಿ ಭೂಮಿಯ ಮರಗಳನ್ನು ಕಡಿಯುವ ವಿಷಯದಲ್ಲಿ ಮಾದರಿ ನಿಯಮಗಳನ್ನು ರಾಜ್ಯಗಳಿಗೆ ಕಳುಹಿಸಿತು. ಕಡಿಯುವುದನ್ನು ಸುಲಭಗೊಳಿಸಿ ಕೊಯ್ಯುವುದನ್ನು ಹಾಗೆಯೇ ಬಿಟ್ಟರೆ, ಮರವು ಇನ್ನೂ ಬೇಗನೆ ವ್ಯಾಪಾರಿಯ ಕೈಗೆ ಸೇರುವುದಷ್ಟೇ ಫಲ.

ಈ ಪ್ರಶ್ನೆಯು ಈಗಲೇ ಒದಗಿಬಂದುದಕ್ಕೆ ಕಾರಣವುಂಟು. 2011-12ರಿಂದ ರಾಜ್ಯದ ಅರಣ್ಯ ಖಾತೆಯವರು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಿಂದ, ನೆಟ್ಟು ಬದುಕಿಸಿದ ಪ್ರತಿಯೊಂದು ಸಸಿಗೂ ಮೂರು ವರ್ಷ ಧನಸಹಾಯವನ್ನು ಕೊಡುವ ಪದ್ಧತಿಯನ್ನು ತಂದರು. 2014ರಲ್ಲಿ ಕೇಂದ್ರ ಸರಕಾರವು ಕೃಷಿ ಅರಣ್ಯದ ರಾಷ್ಟ್ರೀಯ ನೀತಿಯನ್ನು ಸಾರಿತು. ಆಗ ನೆಟ್ಟ ಸಾಗುವಾನಿ, ಹೆಬ್ಬೇವು, ಸಿಲ್ವರ್ ಓಕುಗಳು ಈಗ ಕೈಗೆ ಬರುವ ಗಾತ್ರಕ್ಕೆ ಬೆಳೆಯುತ್ತಿವೆ. ಹನ್ನೆರಡು ಹದಿನೈದು ವರ್ಷದ ಸಾಗುವಾನಿಯಲ್ಲಿ ಹೊರಗಿನ ಬಿಳಿಯ ಭಾಗವೇ ಹೆಚ್ಚು, ಬಾಳುವ ಚೇಗು ಸ್ವಲ್ಪ. ಅಂಥ ಸಣ್ಣ ದಿಮ್ಮಿಯನ್ನು ದೂರದ ಅಡ್ಡೆಗೆ ಸಾಗಿಸಿದರೆ ಸಾಗಣೆಯೇ ಅದರ ಬೆಲೆಯನ್ನು ನುಂಗುವುದು. ಸಾಲಿನಲ್ಲಿ ತೆಳುವು ಮಾಡಲು ತೆಗೆದ ಮರಗಳನ್ನು ಅಲ್ಲಿಯೇ ಪಟ್ಟಿಗಳನ್ನಾಗಿಯೂ ಗೂಟಗಳನ್ನಾಗಿಯೂ ಕೊಯ್ದರೆ ಎಲೆಬಳ್ಳಿಯ ತೋಟಕ್ಕೂ ದನದ ಹಟ್ಟಿಗೂ ಉಪಯೋಗವಾದೀತು, ಉಳಿದ ಒಳ್ಳೆಯ ಮರಗಳು ದಪ್ಪವಾಗಲು ಸ್ಥಳ ಸಿಕ್ಕೀತು.

ಎಲ್ಲ ಮರವೂ ಗರಗಸಕ್ಕೆಂದು ಹುಟ್ಟಿದುದಲ್ಲವೆಂಬುದನ್ನೂ ಹೇಳಬೇಕು. ಸವಣೂರಿನ ದೊಡ್ಡಹುಣಸೆ ಮರಗಳು ನಾಡಿಗೆಲ್ಲ ಪ್ರಸಿದ್ಧವಾದವು. ಅವುಗಳ ಕಟ್ಟಿಗೆಯು ನೀರು ತುಂಬಿದ ಬೆಂಡಿನಂತೆ ಮೆತ್ತಗಿದ್ದು ಹಲಗೆಗೆ ಬಾರದು, ಬಾರದಿದ್ದುದೇ ಒಳ್ಳೆಯದಾಯಿತು. ಫಲ ಕೊಡುವ ಮಾವನ್ನು ಹಲಗೆಯ ಆಸೆಗೆ ಬೀಳಿಸುವುದೂ ತಪ್ಪು. ಫಲ ನಿಂತ ಹಳೆಯ ಮಾವಿನ ಮರಗಳು ಹಾನಗಲ್ಲದ ತೋಪುಗಳಲ್ಲಿ ಬೇಕಾದಷ್ಟಿವೆ.

ಸರಕಾರದ ಏರ್ಪಾಡು ಆಗುವವರೆಗೆ ಕೈಕಟ್ಟಿ ಕೂಡ್ರಬೇಕಾದುದಿಲ್ಲ. ಪರವಾನಿಗೆಯುಳ್ಳ ಅಡ್ಡೆಗೆ ದಿಮ್ಮಿಯನ್ನು ಒಯ್ದು ಕೂಲಿ ಕೊಟ್ಟು ಕೊಯ್ಯಿಸಿ, ಹಲಗೆಯನ್ನೂ ಸೀಳನ್ನೂ ತಿರುಗಿ ತರುವ ಪದ್ಧತಿಯನ್ನು ನಾಲ್ಕೈದು ಮನೆಯವರು ಕೂಡಿ ಇಂದೇ ಪ್ರಾರಂಭಿಸಬಹುದು. ಒಂದು ಟ್ರೇಲರಿನ ಬಾಡಿಗೆಯು ಹಂಚಿಹೋಗುವುದು. ಕೊಯ್ದು ತಂದುದನ್ನು ಒಣಗಿಸುವ ವಿಷಯದಲ್ಲಿ ಮಾತ್ರ ಹಳ್ಳಿಯವರ ಅಲಕ್ಷ್ಯವು ಹೇಳತೀರದು. ಹಸಿಯ ಹಲಗೆಯಿಂದ ಬಾಗಿಲು ಮಾಡಿಸಿ, ಬೇಸಿಗೆಯಲ್ಲಿ ಅದು ಸೀಳಿದಾಗ ಬಡಿಗೇರನನ್ನು ಬಯ್ಯುವುದು ಎಲ್ಲ ಊರಲ್ಲಿಯೂ ಇದೆ. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಸಮನಾದ ಅಟ್ಟಣೆಯನ್ನು ಮಾಡಿ, ಎರಡು ಹಲಗೆಗಳ ನಡುವೆ ಒಂದಿಂಚು ದಪ್ಪದ ಒಣ ಪಟ್ಟಿಗಳನ್ನು ಎರಡೆರಡು ಅಡಿಗೆ ಒಂದರಂತೆ ಮೇಲಿನಿಂದ ಕೆಳಗಿನವರೆಗೆ ಒಂದೇ ನೇರದಲ್ಲಿ ಇಟ್ಟು, ತುದಿಗಳಿಗೆ ಬಣ್ಣವನ್ನಾಗಲಿ ಮೇಣವನ್ನಾಗಲಿ ಬಳಿದು, ಮೇಲೆ ಭಾರ ಹೇರಿ, ನೆರಳಿನಲ್ಲಿ ಗಾಳಿಯಾಡುವಂತೆ ಬಿಡಬೇಕು. ಒಂದಿಂಚಿನ ಹಲಗೆಗೆ ಹೆಚ್ಚು ಕಡಿಮೆ ಒಂದು ವರ್ಷ ಬೇಕು. ಜಾಲಿಯ ದಿಮ್ಮಿಯನ್ನು ಕೊಯ್ಯುವ ಮೊದಲು ಕೆರೆಯ ನೀರಿನಲ್ಲಿ ಮುಳುಗಿಸಿ ಇಡುವ ಹಿಂದಿನವರ ರೂಢಿಯು ಬಿಡತಕ್ಕದ್ದಲ್ಲ. ಗಾಲಿಗಳಿಗೂ ಕೂರಿಗೆಗೂ ಆ ಕಟ್ಟಿಗೆಯೇ ಬಾಳಿಕೆ ಬಂದಿತ್ತು. ಮಾವಿನ ಹಲಗೆಗೆ ಹುಳು ಬೇಗ ಹತ್ತುವುದರಿಂದ ಕೊಯ್ದ ದಿನವೇ ಬೋರಿಕ್ ಆಮ್ಲ ಮತ್ತು ಬಿಳಿಗಾರಗಳ ನೀರಿನಲ್ಲಿ ಅದ್ದುವುದು ಅವಶ್ಯ. ಕಟ್ಟಿಗೆಯ ಗುಣದೋಷಗಳ ವಿಷಯದಲ್ಲಿ ಸಂಶಯವಿದ್ದವರು ಶಿರಸಿಯ ಅರಣ್ಯ ಮಹಾವಿದ್ಯಾಲಯದವರನ್ನಾಗಲಿ, ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರನ್ನಾಗಲಿ ಬರೆದು ಕೇಳಬಹುದು; ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವಂತೂ ಜಿಲ್ಲೆಯಲ್ಲಿಯೇ ಇದೆ.

ಸಂಘಗಳ ಮುಂದಿನ ಸಾಮಾನ್ಯ ಸಭೆಗೆ ಮೊದಲು ಪ್ರತಿಯೊಂದು ಊರಿನ ಪ್ರಮುಖರು ತಮ್ಮ ಊರಿನ ಬದುಗಳ ಮೇಲೆ ಇರುವ ಕೊಯ್ಯತಕ್ಕ ಮರಗಳನ್ನು ಸರ್ವೆ ನಂಬರು, ಜಾತಿ, ಎದೆಯೆತ್ತರದ ಸುತ್ತಳತೆ ಸಹಿತ ಬರೆದಿಟ್ಟರೆ, ಎಷ್ಟು ಹಳ್ಳಿಗಳಿಗೆ ಒಂದು ಗರಗಸವು ಸಾಕೆಂಬುದು ಗೊತ್ತಾಗುವುದು. ಪರವಾನಿಗೆಯ ಅರ್ಜಿಗೂ ಆ ಪಟ್ಟಿಯೇ ಮೊದಲ ಕಾಗದವಾಗುವುದು. ಪ್ರತಿ ಮರದ ಎದುರಿಗೆ ಮೊಳೆ ತಂತಿಗಳ ಗುರುತಿಗಾಗಿ ಒಂದು ಅಂಕಣವನ್ನು ಬಿಟ್ಟಿರಬೇಕು.